ಎರಡು ಮನೆಯ ಲೆಕ್ಕ

ಜೂನ್ ೪, ೧೯೯೭

ಪ್ರೀತಿಯ ಅಣ್ಣನಿಗೆ,

ತಂಗಿಯ ನಮಸ್ಕಾರಗಳು. ಕಳೆದ ವಾರ ನಮ್ಮ ವಿನ್ಯಾಸ ಕಚೇರಿಯ ಇಬ್ಬರು ನಿಮ್ಮ ಕಾಗದದ ಕಾರ್ಖಾನೆಗೆ ಬಂದು, ಬಾಯ್ಲರಿನ ಹನ್ನೆರಡು ಹಬೆ ಕೊಳವೆಗಳ ಮೇಲೆ ಹನ್ನೆರಡು ಹರಳುಗಳನ್ನು ಕೂರಿಸಿ ಹೋದರಷ್ಟೆ. ಆ ಹರಳುಗಳ ಲೆಕ್ಕ ಮಾಡಿದವಳು ನಾನು. ಈ ಸಂಗತಿಯನ್ನು ನಾನೇ ಹೇಳಬೇಕೆಂದಿದ್ದೆ. ದೂರವಾಣಿಯಲ್ಲಿ ಎಷ್ಟು ಕೂಗಿದರೂ ನಿನಗೆ ಕೇಳದು. ನಾನು ಹೇಳಿದ್ದನ್ನು ಅತ್ತಿಗೆ ಅರ್ಧಕ್ಕೆ ಇಳಿಸಿ ನಿನ್ನ ಅಂಗೈ ಮೇಲೆ ಬರೆಯುತ್ತಾರೆ. ಆದ್ದರಿಂದ ಕಾಗದ.

ಹರಳು ಉಗುರಿಗಿಂತ ಚಿಕ್ಕದು. ತಂತಿಯಿಲ್ಲ, ಬ್ಯಾಟರಿಯಿಲ್ಲ. ವಿದ್ಯುತ್ತು ತಾಗಿದರೆ ಮಿಡಿಯುವುದು, ಮಿಡಿದರೆ ವಿದ್ಯುತ್ತನ್ನು ಹೊಮ್ಮಿಸುವುದು ಅದರ ಜಾತಿಗುಣ. ಅದರ ಬೆನ್ನ ಮೇಲೆ ಬಾಚಣಿಗೆಯ ಹಲ್ಲುಗಳಂತೆ ನೂರಾರು ಲೋಹದ ಗೆರೆಗಳಿವೆ. ಗೋಡೆಯ ಮೇಲಿನ ಪೆಟ್ಟಿಗೆ ರೇಡಿಯೋ ಅಲೆಯನ್ನು ಕಳುಹಿಸಿದಾಗ, ಹರಳಿನ ಮೈಮೇಲೆ ಯಾವ ಕಿವಿಗೂ ಕೇಳದಷ್ಟು ಎತ್ತರದ ಶ್ರುತಿಯ ಸದ್ದೊಂದು ಹರಿಯುತ್ತದೆ. ಕೊಳವೆ ಕಾದಂತೆ ಆ ಶ್ರುತಿ ಬದಲಾಗುತ್ತದೆ. ಪೆಟ್ಟಿಗೆ ಅದನ್ನು ಹಿಡಿದು ನಿಮ್ಮ ಗಾಜಿನ ಕೋಣೆಯ ಗಣಕದ ತೆರೆಯ ಮೇಲೆ ಉಷ್ಣತೆಯನ್ನು ಬರೆಯುತ್ತದೆ.

ಇಷ್ಟು ಗೆರೆಗಳನ್ನೂ ಗಣಕದೊಳಗೆ ಕಟ್ಟಹೋದರೆ ಲೆಕ್ಕ ಮುಗಿಯಲು ವರ್ಷ ಬೇಕು. ಆದ್ದರಿಂದ ಒಂದೇ ಒಂದು ಗೆರೆಯನ್ನೂ ಅದರ ಅಡಿಯ ಹರಳಿನ ತುಂಡನ್ನೂ ಒಂದು ಮನೆಯಂತೆ ಕಟ್ಟಿ, ಅದರ ಎಡಗೋಡೆಯನ್ನು ಬಲಗೋಡೆಗೆ ಗಣಿತದಲ್ಲಿ ಬೆಸೆದುಬಿಡುತ್ತೇವೆ. ಸಾಲುಮನೆಯಲ್ಲಿ ಒಂದು ಮನೆಯನ್ನು ಇಣುಕಿ ನೋಡಿ, 'ಉಳಿದ ಮನೆಗಳಲ್ಲೂ ಇದೇ ನಡೆಯುತ್ತಿದೆ' ಎಂದಂತೆ.

ನಾನು ಈ ಕೆಲಸವನ್ನು ಏಕೆ ಹಿಡಿದೆನೆಂಬುದು ನಿನಗೆ ಗೊತ್ತು. ಹನ್ನೊಂದು ವರ್ಷಗಳ ಹಿಂದೆ ಆ ಕೊಳವೆ ಸಿಡಿದಾಗ ಒತ್ತಡದ ಮಾಪಕದ ಮುಳ್ಳು ತನ್ನ ಜಾಗದಲ್ಲೇ ಇತ್ತು. ಲೋಹ ಕಾದು ಮೆತ್ತಗಾದದ್ದು ಯಾರಿಗೂ ಕಾಣಲಿಲ್ಲ. ನಿನ್ನ ಪಕ್ಕದಲ್ಲಿ ನಿಂತಿದ್ದವರು ಹೋದರು, ನಿನ್ನ ಕಿವಿಗಳು ಹೋದವು. ಆಮೇಲೆ ಕೂರಿಸಿದ ಮುಳ್ಳಿನ ಉಷ್ಣಮಾಪಕಗಳು ತಿಂಗಳಿಗೊಮ್ಮೆ ಕೆಡುತ್ತವೆಂದು ನೀನೇ ಬರೆದಿದ್ದೆ. ಇಂದಿಗೂ ಬೆಳಗ್ಗೆ ಅಂಚೆಯವನು ಬಾಗಿಲು ತಟ್ಟಿದರೆ ಲಕೋಟೆಯ ಮೇಲೆ ಮೊದಲು ನಿನ್ನ ಅಕ್ಷರವನ್ನು ಹುಡುಕುತ್ತೇನೆ.

ಒಂದು ಉಪಕಾರ ಮಾಡು. ಹದಿನೈದು ದಿನ ಎರಡು ಸಾಲು ಬರೆ: ಒಂದರಲ್ಲಿ ಮುಳ್ಳಿನ ಮಾಪಕ ಹೇಳಿದ್ದು, ಇನ್ನೊಂದರಲ್ಲಿ ತೆರೆ ಹೇಳಿದ್ದು. ಕಾರ್ಖಾನೆಯೂ ಈ ಪಟ್ಟಿಯನ್ನು ನಿನಗೇ ಒಪ್ಪಿಸಿದೆಯಂತೆ. ಕಂಡದ್ದನ್ನು ಕಂಡಂತೆ ಬರೆ.

ನಿನ್ನ,
ಗುಬ್ಬಿ


ಜೂನ್ ೨೧, ೧೯೯೭

ಗುಬ್ಬಿಗೆ ಆಶೀರ್ವಾದಗಳು.

ಕಾಗದ ತಲುಪಿತು. 'ಬಾಚಣಿಗೆ' ಎಂದು ಬರೆದದ್ದರಿಂದ ಬದುಕಿದೆ. ನಿಮ್ಮ ಕಚೇರಿಯ ಇಬ್ಬರು ಬಾಯಾಡಿಸಿದ ಹೆಸರುಗಳನ್ನು ಅವರ ತುಟಿ ನೋಡಿ ಓದಲು ಹೋಗಿ ನನ್ನ ಕಣ್ಣೇ ಉಳುಕಿತ್ತು.

ನಿನ್ನ ಸಾಲುಮನೆಯ ಮಾತನ್ನು ಅತ್ತಿಗೆಗೆ ಓದಿ ಹೇಳಿದೆ. ಆಕೆ ನಕ್ಕುಬಿಟ್ಟಳು. ನಾವಿರುವುದೂ ಸಾಲುಮನೆಯೇ ಅಲ್ಲವೇ? ರಾತ್ರಿಯ ಪಾಳಿ ಮುಗಿಸಿ ನಾನು ಮಲಗುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಬಡಗಿ ಎದ್ದು ಮೊಳೆ ಹೊಡೆಯಲು ತೊಡಗುತ್ತಾನೆ. ಕಿವಿಗೆ ಕೇಳದಿದ್ದರೇನು, ಮಂಚದ ಕಾಲಿನಿಂದ ನನ್ನ ಬೆನ್ನುಮೂಳೆಗೆ ಬರುತ್ತದೆ. ನಾನು ಎದ್ದರೆ ಅವನು ಮಲಗುತ್ತಾನೆ. 'ನಿನ್ನ ಗುಬ್ಬಿಯ ಗಣಕಕ್ಕೆ ನಮ್ಮ ಪಕ್ಕದವನು ಗೊತ್ತಿಲ್ಲ ಅಂತ ಕಾಣುತ್ತೆ' ಎಂದಳು ನಿನ್ನ ಅತ್ತಿಗೆ.

ಪಟ್ಟಿ ಈ ಕಾಗದದೊಂದಿಗಿದೆ. ಎರಡು ಸಾಲುಗಳೂ ತಾಳೆಯಾಗಿವೆ. ಇನ್ನು ನೀನು ನೆಮ್ಮದಿಯಾಗಿರಬಹುದು.

ನನ್ನ ಕೋಲಿನ ಕೆಲಸವೂ ನಡೆದೇ ಇದೆ. ಒಂದು ತುದಿಯನ್ನು ಕುಲುಮೆಯ ಗೋಡೆಯಿಂದ ಹೊರಬರುವ ಕೊಳವೆಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಿಂದ ಕಚ್ಚಿ ನಿಂತರೆ, ಹಬೆ ಸರಿಯಾಗಿ ಓಡುವ ಕೊಳವೆ ಗುನುಗುತ್ತದೆ. ಒಳಗೆ ಕಟ್ಟಿಕೊಂಡು ಹಬೆ ಸಾಲದಾದದ್ದು ಹಲ್ಲು ಜುಮ್ಮೆನ್ನುವಂತೆ ಕಿರುಗುಟ್ಟುತ್ತದೆ. ನನ್ನ ಜತೆ ಬೆಂಕಿ ನೋಡಿಕೊಳ್ಳುವ ಮೀಸೆಯವನಿಗೆ ಇದೊಂದು ಹಾಸ್ಯ. 'ಯಜಮಾನ್ರು ಬಾಯ್ಲರಿಗೆ ಮುತ್ತು ಕೊಡ್ತಿದಾರೆ, ಮನೇಲಿ ಹೇಳ್ಬೇಡ್ರಪ್ಪ' ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ. ನನಗೊಬ್ಬನಿಗೆ ಕೇಳುವುದಿಲ್ಲವೆಂಬ ಧೈರ್ಯ. ತುಟಿ ಓದಬಲ್ಲೆನೆಂದು ನಾನಿನ್ನೂ ಅವನಿಗೆ ಹೇಳಿಲ್ಲ.

ಇಂತಿ,
ಅಣ್ಣ


ಜುಲೈ ೧, ೧೯೯೭

ಪ್ರೀತಿಯ ಅಣ್ಣನಿಗೆ,

ನಿನ್ನ ಪಟ್ಟಿಯನ್ನು ನಮ್ಮ ಕಚೇರಿಯ ಮುಖ್ಯಸ್ಥೆಯ ಮೇಜಿನ ಮೇಲಿಟ್ಟೆ. ಆಕೆ ಬೆರಳಿಟ್ಟು ಸಾಲುಸಾಲಾಗಿ ಓದಿದರು. ಐನೂರು ಡಿಗ್ರಿಯ ಆಚೀಚೆಗೂ ಎರಡು ಮಾಪನಗಳು ಒಂದನ್ನೊಂದು ಬಿಟ್ಟಿಲ್ಲ. ಆಮೇಲೆ ಒಂದೇ ಪ್ರಶ್ನೆ ಕೇಳಿದರು: ಒಂದು ಮನೆಗೆ ಬದಲಾಗಿ ಎರಡು ಮನೆಗಳನ್ನು ಕಟ್ಟಿ ಲೆಕ್ಕ ಹಾಕಿದ್ದೀಯಾ, ಎಂದು. ಉಷ್ಣತೆಯ ಎಲ್ಲ ಮೆಟ್ಟಿಲುಗಳಿಗೂ ಅದನ್ನು ಮಾಡಿಸಲು ನಮ್ಮ ಗಣಕಕ್ಕೆ ಹನ್ನೆರಡು ದಿನ ಬೇಕು. ಅಷ್ಟು ದಿನ ಬೇರೆಯವರ ಕೆಲಸವೆಲ್ಲ ನಿಲ್ಲುತ್ತದೆ. 'ಬಾಯ್ಲರಿನ ಮುಂದೆ ನಿಂತವರು ಬರೆದ ಪಟ್ಟಿಯೇ ಇರುವಾಗ ಅದರ ಅಗತ್ಯವಿಲ್ಲ' ಎಂದೆ. ಒಪ್ಪಿದರು.

ಇನ್ನೂ ಏಳು ಕಾರ್ಖಾನೆಗಳು ಹರಳುಗಳನ್ನು ಕೇಳಿವೆ. ಎಲ್ಲಕ್ಕೂ ನಿನ್ನ ಪಟ್ಟಿಯ ಪ್ರತಿ ಹೋಗುತ್ತದೆ. ನಿಮ್ಮಲ್ಲಿ ಹಳೆಯ ಮುಳ್ಳುಗಳನ್ನು ತೆಗೆಯುತ್ತಾರಂತೆ. ಇನ್ನು ಮುಂದೆ ನೀನು ಕೊಳವೆಗಳ ಹತ್ತಿರ ಸುಳಿಯಬೇಕಾಗಿಲ್ಲವೆಂಬುದೇ ನನಗೆ ದೊಡ್ಡ ಸಂಭ್ರಮ. ಗಾಜಿನ ಕೋಣೆಯಲ್ಲಿ ಕುಳಿತು ತೆರೆಯನ್ನು ನೋಡಿದರಾಯಿತು.

ಬಡಗಿಯ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ.

ನಿನ್ನ,
ಗುಬ್ಬಿ


ಆಗಸ್ಟ್ ೨, ೧೯೯೭

ಗುಬ್ಬಿಗೆ ಆಶೀರ್ವಾದಗಳು.

ತಡವಾಯಿತು. ಕೆಲಸ ಈಗ ಹಗುರ. ಮುಳ್ಳುಗಳನ್ನು ಕಳೆದ ತಿಂಗಳ ಇಪ್ಪತ್ತೊಂದಕ್ಕೆ ಬಿಚ್ಚಿದರು. ಜಾಗದಲ್ಲಿ ದುಂಡನೆಯ ಕಲೆಗಳು ಉಳಿದಿವೆ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಬೆಂಕಿಯನ್ನು ಕಡಿಮೆ ಮಾಡದೆಯೂ ತೆರೆಯ ಮೇಲಿನ ಸಂಖ್ಯೆ ತಾನಾಗಿ ಇಳಿಯಬಹುದೇ? ಏಳನೆಯ ಕೊಳವೆಯ ವಿಚಾರ. ಬೆಂಕಿ ಏರಿಸಿದ ದಿನ ಅದು ಐನೂರ ಹತ್ತರವರೆಗೆ ಏರಿ, ಅಲ್ಲಿಂದ ಮೆಲ್ಲಗೆ ಇಳಿಯತೊಡಗುತ್ತದೆ. ಬಿಸಿಲಿನಲ್ಲಿ ಇಟ್ಟ ನೀರು ತಣ್ಣಗಾದಂತೆ. ಸರಿಯಿರಬಹುದು. ನನಗೆ ಲೆಕ್ಕ ಬಾರದು.

ಪೆನ್ನು ಸಿಗಲಿಲ್ಲವೆಂದು ಸೀಸದ ಕಡ್ಡಿಯಲ್ಲಿ ಬರೆದಿದ್ದೇನೆ, ಮನ್ನಿಸು.

ಅಣ್ಣ


ಆಗಸ್ಟ್ ೮, ೧೯೯೭

ಪ್ರೀತಿಯ ಅಣ್ಣನಿಗೆ,

ಸಂಖ್ಯೆ ಇಳಿದರೆ ಕೊಳವೆ ತಣ್ಣಗಾಗಿದೆ ಎಂದರ್ಥ. ಹಬೆಯ ಓಟ ಹೆಚ್ಚಿರಬೇಕು. ಇದಕ್ಕೆ ಹೆದರುವುದೇನು? ಹನ್ನೊಂದು ವರ್ಷ ಹೆದರಿ ಹೆದರಿ ನಿನಗೆ ಅದೇ ಅಭ್ಯಾಸವಾಗಿದೆ. ಮುಳ್ಳುಗಳಿಲ್ಲದೆ ಬೇಸರವಾಗಿದೆ ಎಂದು ನೇರವಾಗಿ ಬರೆದಿದ್ದರೂ ನಾನು ತಪ್ಪು ತಿಳಿಯುತ್ತಿರಲಿಲ್ಲ.

ನಿನ್ನ ಪಟ್ಟಿಯಲ್ಲಿ ಏಳನೆಯ ಕೊಳವೆಯೂ ತಾಳೆಯಾಗಿತ್ತಲ್ಲ. ಮತ್ತೊಮ್ಮೆ ತೆಗೆದು ನೋಡಿದೆ. ಒಂದೂ ತಪ್ಪಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಗುಬ್ಬಿ


ಆಗಸ್ಟ್ ೨೦, ೧೯೯೭

ಅಣ್ಣ,

ತೆರೆಯನ್ನು ನಂಬಬೇಡ. ಈ ಕಾಗದ ಕೈಗೆ ಬಂದ ಕೂಡಲೇ ಕೊಳವೆಗಳಿಂದ ದೂರ ಹೋಗು, ಉಳಿದವರನ್ನೂ ಕರೆದುಕೊಂಡು ಹೋಗು. ತಂತಿ ಸಂದೇಶವನ್ನೂ ಕಳುಹಿಸಿದ್ದೇನೆ, ಯಾವುದು ಮೊದಲು ಬರುವುದೋ ತಿಳಿಯದು.

ಕಳೆದ ಕಾಗದದಲ್ಲಿ ನಾನು ಧೈರ್ಯವಾಗಿ ಬರೆದೆನೇ? ಅದನ್ನು ಅಂಚೆಗೆ ಹಾಕಿದ ಸಂಜೆಯೇ ಎರಡು ಮನೆಯ ಲೆಕ್ಕವನ್ನು ಗಣಕಕ್ಕೆ ಕೊಟ್ಟೆ. ನಿನಗೆ ಹೇಳಲಿಲ್ಲ. ಹೇಳಿದರೆ, ಅದನ್ನು ಮೊದಲೇ ಏಕೆ ಮಾಡಲಿಲ್ಲವೆಂದು ನೀನು ಕೇಳುವೆ ಎಂಬ ಅಳುಕು. ಹನ್ನೆರಡು ದಿನ ಗಣಕದ ಪಕ್ಕದಲ್ಲೇ ಕಾದೆ. ಇಂದು ಬೆಳಗ್ಗೆ ಹತ್ತು ಗಂಟೆಗೆ ಉತ್ತರ ಬಂದಿತು.

ಒಂದು ಮನೆಯನ್ನು ಮಾತ್ರ ಕಟ್ಟಿ ಗೋಡೆಗಳನ್ನು ಬೆಸೆದಾಗ, ಸಾಲಿನ ಎಲ್ಲ ಮನೆಗಳೂ ಒಟ್ಟಿಗೆ ಏಳುವ, ಒಟ್ಟಿಗೆ ಬೀಳುವ ನಡುಕ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಎರಡು ಮನೆಗಳನ್ನು ಕಟ್ಟಿದ ಮೇಲೆ ಇನ್ನೊಂದು ನಡುಕ ಕಂಡಿತು: ಒಂದು ಗೆರೆ ಏಳುವಾಗ ಪಕ್ಕದ ಗೆರೆ ಬೀಳುತ್ತದೆ. ನಿನ್ನ ಬಡಗಿ, ಅಣ್ಣ. ನೀನೇ ಬರೆದು ಕಳುಹಿಸಿದ್ದೆ. ನಾನು ಎಲ್ಲರನ್ನೂ ನಗಿಸಿದೆ. ಐನೂರ ಹತ್ತು ಡಿಗ್ರಿಯ ತನಕ ಆ ನಡುಕ ಕ್ಷೀಣ. ಅದನ್ನು ದಾಟಿದ ಮೇಲೆ ಅದರ ದನಿಯೇ ಜೋರಾಗುತ್ತದೆ. ಪೆಟ್ಟಿಗೆ ಅದನ್ನೇ ಹಿಡಿದುಕೊಂಡು ಹೋಗುತ್ತದೆ. ಕೊಳವೆ ಕಾದಷ್ಟೂ ಸಂಖ್ಯೆಯನ್ನು ಇಳಿಸಿ ತೋರಿಸುತ್ತದೆ.

ತಕ್ಷಣ ನಿಮ್ಮ ಕಾರ್ಖಾನೆಗೆ ದೂರವಾಣಿ ಮಾಡಿದೆ. ಮೇಲಧಿಕಾರಿ ಸಿಕ್ಕರು. ಬಾಯ್ಲರನ್ನು ನಿಲ್ಲಿಸಿ ಎಂದು ಬೇಡಿಕೊಂಡೆ. ಅವರದು ನಗುವ ದನಿ. 'ನಮ್ಮ ಸ್ಕ್ರೀನ್ ಸರಿಯಾಗೇ ಇದೆಯಮ್ಮ. ಬೆಳಗ್ಗೆಯಿಂದ ಏಳನೇದು ತಾನಾಗೇ ತಣ್ಣಗಾಗ್ತಾ ಇದೆ. ನೀವ್ಯಾಕೆ ಹೆದರ್ತೀರಿ?'

ಬೆಳಗ್ಗೆಯಿಂದ, ಅಣ್ಣ. ಮತ್ತೆ ಮಾಡಿದರೆ ಯಾರೂ ಎತ್ತುತ್ತಿಲ್ಲ.

ಒಂದೇ ಅರ್ಥವಾಗದು. ಲೆಕ್ಕ ಹೀಗಿದ್ದರೆ, ಜೂನಿನ ನಿನ್ನ ಪಟ್ಟಿ ತಾಳೆಯಾದದ್ದು ಹೇಗೆ?

ಗುಬ್ಬಿ


ಆಗಸ್ಟ್ ೨೧, ೧೯೯೭

ಗುಬ್ಬಿಗೆ ಆಶೀರ್ವಾದಗಳು.

ನಾನು ಬದುಕಿದ್ದೇನೆ. ಎಲ್ಲರೂ ಬದುಕಿದ್ದಾರೆ. ಇದನ್ನು ಮೊದಲು ಓದಿಕೋ.

ನಿನಗೆ ಹೇಳದೆ ಇಟ್ಟುಕೊಂಡದ್ದು ಎರಡಿವೆ. ಮುಳ್ಳುಗಳನ್ನು ಬಿಚ್ಚಿದ ದಿನವೇ ನನ್ನನ್ನು ಬಾಯ್ಲರಿನಿಂದ ಉಗ್ರಾಣಕ್ಕೆ ಹಾಕಿದರು. ತೆರೆ ಬಂದ ಮೇಲೆ ಕೋಲು ಕಚ್ಚುವ ಕಿವುಡನ ಅಗತ್ಯವೇನೆಂದು ಅವರ ಪ್ರಶ್ನೆ. ನಿನ್ನ ಹರಳಿನಿಂದ ಹೀಗಾಯಿತೆಂದು ನೀನು ಕೊರಗುವೆಯೆಂದು ಬರೆಯಲಿಲ್ಲ. ಊಟದ ಬಿಡುವಿನಲ್ಲಿ ಮಾತ್ರ ಹೋಗಿ, ಕೋಲು ಇಟ್ಟು ನೋಡಿ ಬರುತ್ತಿದ್ದೆ.

ನಿನ್ನೆ ಮಧ್ಯಾಹ್ನ ಏಳನೆಯ ಕೊಳವೆಗೆ ಕೋಲು ಇಟ್ಟೆ. ಗುನುಗು ಇರಲಿಲ್ಲ. ಹಲ್ಲಿನ ಬೇರಿಗೆ ಸೂಜಿ ಇಳಿದಂತೆ ಕಿರುಗುಟ್ಟುವಿಕೆ. ಹನ್ನೊಂದು ವರ್ಷಗಳ ಹಿಂದೆ ಕಿವಿಯಿಂದ ಕೇಳಿದ ಕಡೆಯ ಸದ್ದು ಅದು, ಮರೆತಿರಲಿಲ್ಲ. ಕೋಲು ಬಾಯಿಂದ ಜಾರಿತು. ಓಡಿಹೋಗಬೇಕೆಂದು ಕಾಲು ಬಾಗಿಲ ಕಡೆಗೆ ತಿರುಗಿದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಮೀಸೆಯವನು ಅಲ್ಲಿಯೇ ಬಗ್ಗಿ ಕುಲುಮೆಯ ಕಿಂಡಿಯನ್ನು ನೋಡುತ್ತಿದ್ದ. ಅದರಿಂದ ನಿಂತೆ.

ಕುಲುಮೆಗೆ ಕಲ್ಲಿದ್ದಲು ಸಾಗಿಸುವ ಬೆಲ್ಟನ್ನು ನಿಲ್ಲಿಸಿ, ಗಾಳಿ ಬಿಡುವ ಬಾಗಿಲನ್ನು ಮುಚ್ಚಿದೆ. ಮೇಲಧಿಕಾರಿ ಗಾಜಿನ ಕೋಣೆಯಿಂದ ಓಡಿಬಂದರು. ತುಟಿ ಓದಿದೆ: 'ಸ್ಕ್ರೀನ್ ಇಳೀತಾ ಇದೆ, ನೀನು ಬೆಂಕಿ ನಿಲ್ಲಿಸ್ತೀಯಾ? ತಲೆ ಕೆಟ್ಟಿದೆಯಾ?' ನಾನು 'ಹಲ್ಲಿಗೆ ಕೇಳ್ತಾ ಇದೆ ಸಾರ್' ಎಂದೆ. ಅವರು ಬೆಲ್ಟನ್ನು ಮತ್ತೆ ಓಡಿಸಲು ಕೈ ಚಾಚಿದರು. ಮೀಸೆಯವನು ಅವರ ಮುಂದೆ ಬಂದು ನಿಂತುಬಿಟ್ಟ. ನನ್ನನ್ನು ಗೇಟಿನಿಂದ ಹೊರಗೆ ಕಳುಹಿಸಿದರು, ಆದರೆ ಬೆಲ್ಟು ಮತ್ತೆ ಓಡಲಿಲ್ಲವಂತೆ.

ಇಂದು ಬೆಳಗ್ಗೆ ಬಾಯ್ಲರು ತಣಿದ ಮೇಲೆ ಒಳಹೊಕ್ಕು ನೋಡಿದರಂತೆ. ಏಳನೆಯ ಕೊಳವೆಯ ಮೈ ಒಂದು ಕಡೆ ಹಲಸಿನ ತೊಳೆಯಷ್ಟು ಉಬ್ಬಿ, ತುದಿಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಮೀಸೆಯವನು ಮನೆಗೇ ಬಂದು, ತನ್ನ ಹೆಬ್ಬೆರಳನ್ನು ಮಡಚಿ ಉಬ್ಬನ್ನು ತೋರಿಸಿದ. ಆಮೇಲೆ ಕುರ್ಚಿಯ ಮೇಲೆ ಕುಳಿತು ಅತ್ತ.

ಇನ್ನು ಎರಡನೆಯದು. ಜೂನಿನ ಪಟ್ಟಿ. ಬೆಂಕಿ ಏರಿಸಿದ್ದ ಮೂರು ದಿನ ಏಳನೆಯ ಕೊಳವೆಯ ಮುಳ್ಳು ಐನೂರ ಇಪ್ಪತ್ತು ತೋರಿಸುತ್ತಿತ್ತು. ತೆರೆ ನಾನೂರ ತೊಂಬತ್ತೆಂಟು. ಮುಳ್ಳು ಎಂದಿನಂತೆ ಕೆಟ್ಟಿದೆಯೆಂದುಕೊಂಡೆ. ಕೆಟ್ಟ ಮುಳ್ಳಿನ ದೆಸೆಯಿಂದ ನನ್ನ ತಂಗಿಯ ಕೆಲಸಕ್ಕೆ ಕಪ್ಪುಚುಕ್ಕೆ ಬೇಡವೆಂದು, ಎರಡು ಸಾಲಿನಲ್ಲೂ ನಾನೂರ ತೊಂಬತ್ತೆಂಟನ್ನೇ ಬರೆದೆ. ಮೂರು ದಿನ. ನೀನು ಕಂಡದ್ದನ್ನು ಕಂಡಂತೆ ಬರೆ ಎಂದಿದ್ದೆ.

ನಿನ್ನ ತಂತಿ ಸಂದೇಶ ಈಗ ತಾನೆ ಬಂದಿತು. ಅತ್ತಿಗೆ ಅದನ್ನು ಓದಿ, ನನ್ನ ಅಂಗೈ ಮೇಲೆ ಏನನ್ನೂ ಬರೆಯದೆ, ಕೈಯನ್ನು ಹಿಡಿದುಕೊಂಡು ಕುಳಿತಿದ್ದಾಳೆ.

ಅಣ್ಣ


ಆಗಸ್ಟ್ ೨೮, ೧೯೯೭

ಅಣ್ಣ,

ನಿನ್ನ ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಓದಿದೆ. ಮೊದಲ ಎರಡು ವಾಕ್ಯಗಳನ್ನು ಎಷ್ಟು ಸಲ ಓದಿದೆನೋ. ಆಮೇಲೆ ಆ ಮೂರು ದಿನದ ಸಂಗತಿ ಬಂದಿತು. ನಿನ್ನ ಮೇಲೆ ಕೋಪ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹನ್ನೆರಡು ದಿನದ ಲೆಕ್ಕವನ್ನು ಬೇಡವೆಂದದ್ದು ನಿನ್ನ ಪಟ್ಟಿಯಲ್ಲ, ನಾನು.

ಹೆದರಿಕೆ ಮುಗಿದಿಲ್ಲ. ಏಳು ಕಾರ್ಖಾನೆಗಳಿಗೂ ಮುಖ್ಯಸ್ಥೆ, ಲೆಕ್ಕದ ಉತ್ತರ ಬಂದ ದಿನವೇ ತಿಳಿಸಿದರು. ಆರು ಕಡೆ ತೆರೆಗಳನ್ನು ನಿಲ್ಲಿಸಿ, ಹಳೆಯ ಮುಳ್ಳುಗಳನ್ನು ಮತ್ತೆ ಕೂರಿಸಿದ್ದಾರೆ. ಏಳನೆಯ ಕಾರ್ಖಾನೆ ಮಾತ್ರ ಒಪ್ಪುತ್ತಿಲ್ಲ. ಅಲ್ಲಿನ ಬಾಯ್ಲರು ದುರಸ್ತಿಗೆ ನಿಂತಿದೆ. ಬರುವ ತಿಂಗಳ ಒಂಬತ್ತಕ್ಕೆ ಹೊತ್ತಿಸುತ್ತಾರೆ. ನಾನೇ ಮಾತಾಡಿದೆ. ಅಲ್ಲಿಯ ಬಾಯ್ಲರಿನ ಮುಖ್ಯರು ಹೇಳಿದ್ದು ಇಷ್ಟು: 'ನಿಮ್ಮ ಲೆಕ್ಕ ನಿನ್ನೆ ಒಂದು, ಇವತ್ತು ಒಂದು. ನಮ್ಮ ಹತ್ರ ನಿಮ್ಮದೇ ಪಟ್ಟಿ ಇದೆ, ಬಾಯ್ಲರ್ ಮುಂದೆ ನಿಂತೋರು ಬರೆದದ್ದು. ಅದನ್ನ ನಂಬ್ತೀವಿ.'

ಆ ಪಟ್ಟಿ ತಪ್ಪೆಂದು ಹೇಳಲು ಬಾಯಿ ತೆರೆದೆ. ಏಕೆ ತಪ್ಪೆಂದು ಕೇಳಿದರೆ ನಿನ್ನ ಹೆಸರು ಬರುತ್ತದೆ. ಆದರೂ ಹೇಳಿದೆ. ಅವರು ನಂಬಲಿಲ್ಲ. ಈಗ ನಾನು ನನ್ನನ್ನು ಉಳಿಸಿಕೊಳ್ಳಲು ಅಣ್ಣನನ್ನು ಸುಳ್ಳನಾಗಿಸುತ್ತಿದ್ದೇನಂತೆ.

ಹತ್ತನೆಯ ತಾರೀಖಿಗೆ ಒಳಗೆ ಬರಲು ಅನುಮತಿ ಸಿಕ್ಕಿದೆ. ನಾನೇ ಹೋಗುತ್ತೇನೆ. ಕೋಲನ್ನು ಕಳುಹಿಸಿಕೊಡು.

ಗುಬ್ಬಿ


ಸೆಪ್ಟೆಂಬರ್ ೩, ೧೯೯೭

ಗುಬ್ಬಿಗೆ.

ಹೋಗಬೇಡ ಎಂದು ಎರಡು ಹಾಳೆ ಬರೆದು ಹರಿದೆ. ನನಗೆ ಜತೆಯಲ್ಲಿ ಬರಲು ಆಗದು. ನಮ್ಮ ಕಾರ್ಖಾನೆಯ ವಿಚಾರಣೆ ಮುಗಿಯುವ ತನಕ ಊರು ಬಿಡಬಾರದೆಂದಿದ್ದಾರೆ. ಪಟ್ಟಿಯ ವಿಷಯವನ್ನು ನಾನೇ ವಿಚಾರಣೆಯಲ್ಲಿ ಹೇಳಿದೆ. ಆ ಕಾರ್ಖಾನೆಗೂ ಬರೆದಿದ್ದೇನೆ. ಉತ್ತರವಿಲ್ಲ.

ಕೋಲು ಬೇರೆಯಾಗಿ ಪಾರ್ಸೆಲಿನಲ್ಲಿ ಬರುತ್ತದೆ. ಬಟ್ಟೆ ಸುತ್ತಿದ ತುದಿ ಹಲ್ಲಿಗೆ. ಮುಂಹಲ್ಲಿನಿಂದ ಕಚ್ಚಬೇಡ, ಬದಿಯ ಹಲ್ಲಿನಿಂದ ಕಚ್ಚು. ಉಸಿರನ್ನು ಹಿಡಿ, ಇಲ್ಲದಿದ್ದರೆ ನಿನ್ನ ಉಸಿರೇ ಕೇಳುತ್ತದೆ. ಒಂದು ಕೊಳವೆಗೆ ಇಟ್ಟು ತೀರ್ಮಾನಿಸಬೇಡ. ಪಕ್ಕದ್ದಕ್ಕೂ ಇಡು, ಅದರ ಪಕ್ಕದ್ದಕ್ಕೂ ಇಡು. ಸರಿಯಾದದ್ದರ ಗುನುಗು ಮೊದಲು ಹಲ್ಲಿಗೆ ಪರಿಚಯವಾಗಲಿ. ನೆಟ್ಟಗೆ ಎದುರಿಗೆ ನಿಲ್ಲದೆ ಓರೆಯಾಗಿ ನಿಲ್ಲು.

ಕಿರುಗುಟ್ಟಿದರೆ ಕಿವಿಗಳನ್ನು ಮುಚ್ಚಿಕೊಂಡು ಓಡು. ನಿನಗೆ ಇನ್ನೂ ಇವೆ.

ಅಣ್ಣ


ಸೆಪ್ಟೆಂಬರ್ ೧೦, ೧೯೯೭

ಅಣ್ಣ,

ಈ ಕಾರ್ಖಾನೆಯ ಬಾಯ್ಲರಿನ ಎದುರಿನ ಅಂಗಳದಲ್ಲಿ, ಒಂದು ಕಬ್ಬಿಣದ ಡ್ರಮ್ಮಿನ ಮೇಲೆ ಹಾಳೆಯನ್ನಿಟ್ಟು ಬರೆಯುತ್ತಿದ್ದೇನೆ. ಸೀಸದ ಕಡ್ಡಿ. ಆಗಸ್ಟಿನಲ್ಲಿ ನಿನಗೆ ಪೆನ್ನು ಸಿಕ್ಕಿತ್ತೆಂದು ಈಗ ಗೊತ್ತಾಯಿತು. ನಡುಗುವ ಕೈಯಲ್ಲಿ ಪೆನ್ನು ಹಾಳೆಯನ್ನು ಹರಿಯುತ್ತದೆ.

ಬೆಂಕಿ ನಿನ್ನೆಯಿಂದ ಉರಿಯುತ್ತಿದೆ. ಮುಖ್ಯರು ಒಳ್ಳೆಯವರೇ, ನನಗೆ ಕುರ್ಚಿ ಹಾಕಿಸಿದರು. ಕೋಲನ್ನು ಕಂಡು 'ಇದೇನ್ರೀ ಮೇಡಂ, ಹಲ್ಲುಜ್ಜೋಕೆ ಬಂದ್ರಾ?' ಎಂದರು. ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ, ತುಟಿ ಬಗ್ಗಲಿಲ್ಲ.

ಒಂದನೆಯ ಕೊಳವೆ ಗುನುಗಿತು. ನೀನು ಹೇಳಿದಂತೆಯೇ, ತಲೆಬುರುಡೆಯೊಳಗೆ ಯಾರೋ ಬಾಯಿ ಮುಚ್ಚಿ ಹಾಡಿದಂತೆ. ಎರಡು, ಮೂರು, ನಾಲ್ಕು, ಎಲ್ಲವೂ. ಐದನೆಯದಕ್ಕೆ ಇಟ್ಟಾಗ ನನ್ನ ಹಲ್ಲುಗಳು ತಾವಾಗಿ ಕೋಲನ್ನು ಬಿಟ್ಟುಬಿಟ್ಟವು. ನನ್ನ ಉಸಿರಿರಬೇಕೆಂದುಕೊಂಡೆ. ಆರಕ್ಕೆ ಇಟ್ಟೆ, ಗುನುಗಿತು. ಮತ್ತೆ ಐದಕ್ಕೆ ಇಟ್ಟೆ.

ಓಡು ಎಂದಿದ್ದೆ. ಓಡಲಿಲ್ಲ. ಮುಖ್ಯರು ತೆರೆಯ ಮೇಲೆ ಬೆರಳಿಟ್ಟು 'ನೋಡಿ, ಐದನೇದು ಇಳೀತಾ ಇದೆ' ಎನ್ನುತ್ತಿದ್ದರು. ವಾದಿಸಲು ನನ್ನ ಬಳಿ ಲೆಕ್ಕವಿತ್ತು, ನಿನ್ನ ತಪ್ಪೊಪ್ಪಿಗೆಯಿತ್ತು. ಎರಡನ್ನೂ ಹೊರಗೆ ತೆಗೆಯಲಿಲ್ಲ. ಕೋಲಿನ ತುದಿಯನ್ನು ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟೆ. ಹಾಸ್ಯಕ್ಕೆಂದೇ ಕಚ್ಚಿದರು. ಮೊದಲು ನಾಲ್ಕಕ್ಕೆ ಇಡಿಸಿದೆ. ಆಮೇಲೆ ಐದಕ್ಕೆ.

ನಗು ಅವರ ಮುಖದಲ್ಲಿ ಹಾಗೆಯೇ ಉಳಿದಿತ್ತು. ಕಣ್ಣುಗಳು ಮಾತ್ರ ಬೇರೆಯವರ ಕಣ್ಣುಗಳಾದವು. ಕೋಲನ್ನು ಬಾಯಿಂದ ತೆಗೆಯದೆಯೇ, ಎಡಗೈಯನ್ನು ಮೇಲೆತ್ತಿ, ನಿಲ್ಲಿಸಿ ಎಂಬಂತೆ ಬೆಂಕಿಯ ಕಡೆಗೆ ಬೀಸಿದರು.

ಎಲ್ಲರೂ ಅಂಗಳಕ್ಕೆ ಬಂದಿದ್ದೇವೆ. ಹೊಗೆ ತೆಳುವಾಗುತ್ತಿದೆ. ಲೋಹ ತಣಿಯುವ ತನಕ ಅದು ತಡೆದುಕೊಳ್ಳುವುದೋ ಇಲ್ಲವೋ ಯಾರಿಗೂ ತಿಳಿಯದು. ಮುಖ್ಯರು ತಲೆ ಎಣಿಸುತ್ತಿದ್ದಾರೆ. ಮೂರನೆಯ ಸಲ ಎಣಿಸುತ್ತಿದ್ದಾರೆ. ಕೋಲು ಇನ್ನೂ ಅವರ ಕೈಯಲ್ಲೇ ಇದೆ. ಅದನ್ನು ವಾಪಸ್ಸು ಕೇಳಲು ನನಗೆ ಮನಸ್ಸಾಗಲಿಲ್ಲ.

ಕಾಯುವ ಹೊತ್ತಿನಲ್ಲಿ ನಿನಗೆ ಪಟ್ಟಿ ಬರೆಯುತ್ತಿದ್ದೇನೆ. ಎರಡು ಸಾಲು.

ಐದನೆಯ ಕೊಳವೆ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.
ತೆರೆ: ನಾನೂರ ಎಂಬತ್ತಾರು, ಇಳಿಯುತ್ತಿದೆ.
ಕೋಲು: ಕಿರುಗುಟ್ಟುತ್ತಿದೆ.

ತಾಳೆಯಾಗಿಲ್ಲ, ಅಣ್ಣ. ಕಂಡಂತೆ ಬರೆದಿದ್ದೇನೆ.

ಗುಬ್ಬಿ